ಹಲ್ಲಿನ ಗುರುತಿಲ್ಲದ ಮೂಳೆ

ಉಡುಪಿಯ ನನ್ನ ಅಂಗಡಿಗೆ ನಾಯಿಯ ಆಟಿಕೆ ವಾಪಸ್ ತರುವವರೆಲ್ಲ ಚೂರುಗಳನ್ನೇ ತರುವುದು. ಕಾಪುವಿನಲ್ಲಿ ಒಂದು ಮನೆ ಕಾಯುವ ಬಸಣ್ಣನೂ ಹಾಗೆಯೇ. ಅವನು ನೋಡಿಕೊಳ್ಳುವ ರಾಟ್‌ವೀಲರ್ ನಾಯಿ ರಬ್ಬರ್ ಚೆಂಡನ್ನು ಬಿಸ್ಕೀಟಿನ ಹಾಗೆ ಮುಗಿಸುತ್ತಿತ್ತು. ಕೊನೆಗೆ ಅಂಗಡಿಯಲ್ಲಿದ್ದ ಅತಿ ಗಟ್ಟಿ ರಬ್ಬರಿನ ಮೂಳೆಯನ್ನು ಕೊಟ್ಟು ಕಳಿಸಿದೆ.

ಮೊನ್ನೆ ಅವನು ಅದನ್ನು ತಂದು ಮೇಜಿನ ಮೇಲಿಟ್ಟ. ಒಂದು ಹಲ್ಲಿನ ಗುರುತೂ ಇಲ್ಲ.

"ಹೊಸತರ ಹಾಗೇ ಉಂಟಲ್ಲ ಮಾರಾಯ! ಇನ್ನು ಎಂತ ದೂರು ನಿನ್ನದು?"

"ದೂರಲ್ರಿ ಸಾಹುಕಾರ್ರ. ಅದರ ದವಡ್ಯಾಗ ಗಂಟು ಬೆಳದೈತ್ರಿ. ಇನ್ನ ಭಾಳ ದಿನ ಇಲ್ಲ ಅಂದ್ರು ಡಾಕ್ಟರ್. ಇದನ್ನ ಮುಂದಿಟ್ರ ಮೂಸಿ, ನನ್ನ ಮಾರಿ ನೋಡತೈತಿ. ಮೆತ್ತಂದು ಏನರ ಐತೇನ್ರಿ?"

ಸಣ್ಣ ಮರಿಗಳಿಗೆಂದು ತರಿಸಿದ್ದ ಬಟ್ಟೆಯ ಬಾತುಕೋಳಿಯನ್ನು ತೆಗೆದುಕೊಟ್ಟೆ. ಬಾಯಿ ಅಭ್ಯಾಸಬಲದಿಂದ ಹೇಳಿಯೇಬಿಟ್ಟಿತು: "ನೋಡು, ಇದು ಒಂದು ದಿನವೂ ಬಾಳುವುದಿಲ್ಲ."

"ಬಾಳೂದು ಬ್ಯಾಡ್ರಿ," ಎಂದ ಬಸಣ್ಣ ಅದನ್ನು ಅಂಗಿಯೊಳಗೆ ಇಟ್ಟುಕೊಳ್ಳುತ್ತಾ. "ಒಮ್ಮೆ ಹರದು ಹಾಕಿದ್ರ ಸಾಕ್ರಿ."

ಮಾರಿದ ಸಾಮಾನು ಬೇಗ ಹಾಳಾಗಲಿ ಎಂದು ಬಯಸುವುದು ವ್ಯಾಪಾರಿಗೆ ಹೊಸತಲ್ಲ. ಗಿರಾಕಿಯೂ ಜೊತೆ ಸೇರಿ ಹಾಗೆ ಬಯಸಿದ್ದು ಮಾತ್ರ ಅದೊಂದೇ ಸಲ.