ಮೋಢಾದ ಸೊಂಟ

ಭಾನುವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ನನ್ನ ಗಂಡ ಬಕೆಟ್ಟಿನಿಂದ ಕೈ ತೆಗೆಯಲು ನೋಡಿದರು, ಬರಲಿಲ್ಲ. "ಹತ್ತೂಕಾಲಿಗೆ ತೆಗೆದುಬಿಡ್ತೀನಿ, ತಿಂಡಿ ಹಾಕು" ಎಂದಿದ್ದರಿಂದ ಗಡಿಯಾರದ ಮೇಲೆ ನನಗೆ ಕಣ್ಣಿತ್ತು.

ಅವರದು ರೈಲ್ವೆ ನೌಕರಿ. ಮೈಸೂರಿನಲ್ಲಿ ನಾವಿಬ್ಬರೂ ಗಣಿತ ಓದಿದವರು. ಬೀಜಗಣಿತದ ಮೇಲ್ಮೈಗಳ ಹುಚ್ಚು ಅವರಿಗೆ ಮತ್ತೆ ಹತ್ತಿದ್ದು ಇಲ್ಲಿ, ಕಾಶಿಯ ಸೋನಾರ್‌ಪುರದಲ್ಲಿ ಕೊಂಡ ಮೋಢಾದಿಂದ. ಮೋಢಾ ಎಂದರೆ ಕಡ್ಡಿ ಹೆಣೆದ ಸ್ಟೂಲು.

"ನೋಡೇ, ಕಡ್ಡಿಗಳೆಲ್ಲ ನೇರ. ಓರೆಯಾಗಿ ನಿಲ್ಲಿಸಿದ್ದಾರೆ ಅಷ್ಟೆ. ಆದ್ರೂ ಸೊಂಟ ಎಷ್ಟು ಚೆಂದ ಬಾಗಿದೆ!"

ಎಕ್ಸ್ ವರ್ಗಕ್ಕೆ ವೈ ವರ್ಗ ಕೂಡಿಸಿ ಝಡ್ ವರ್ಗ ಕಳೆದರೆ ಒಂದು: ಅದೇ ಮೋಢಾ. ಆ ಒಂದನ್ನು ಸೊನ್ನೆಯತ್ತ ಇಳಿಸುತ್ತ ಹೋದರೆ ಸೊಂಟ ಸಣ್ಣಗಾಗಿ, ಕೊನೆಗೆ ಎರಡು ಬಟ್ಟಲು ಒಂದೇ ಬಿಂದುವಿನಲ್ಲಿ ಮುಟ್ಟಿ ಡಮರುವಾಗುತ್ತದೆ. "ಕಾಶಿಯಲ್ಲಿ ಇನ್ನೇನು ಬೇಕು?" ಎನ್ನುತ್ತಿದ್ದರು. ನಡುವಿನ ರೂಪಗಳನ್ನೆಲ್ಲ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರೆದು ಕಿಟಕಿಯಲ್ಲಿ ಸಾಲಾಗಿಡುವುದು ಅವರ ಆಸೆ.

ಸಣ್ಣ ಸೊಂಟದ್ದು ಮಾತ್ರ ಒಳಗಿನ ಟೊಳ್ಳು ನಿಲ್ಲದೆ ಕುಸಿಯುತ್ತಿತ್ತು. ಅಂದು ಬಕೆಟ್ಟಿನಲ್ಲಿ ಕಲಸಿದ ಪ್ಲಾಸ್ಟರಿಗೆ ತಮ್ಮ ಬಲಗೈ ಇಳಿಸಿ ಅದನ್ನೇ ಅಚ್ಚು ಮಾಡಿಕೊಂಡರು: ಮುಷ್ಟಿ ಕೆಳಗೆ, ಮಣಿಕಟ್ಟು ಸೊಂಟಕ್ಕೆ. ಗಟ್ಟಿಯಾದ ಮೇಲೆ ದಪ್ಪ ಮುಷ್ಟಿ ಆ ಸಣ್ಣ ಸೊಂಟ ದಾಟಿ ಬರುವುದು ಹೇಗೆಂದು ಅವರಿಗೆ ಹೊಳೆದಿರಲಿಲ್ಲ.

ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ. "ಬೆರಳು ಬೇಯ್ತಿವೆ ಕಣೇ" ಎಂದರು, ಮೊದಲು ನಗುತ್ತಲೇ. ಆಮೇಲೆ ನಗಲಿಲ್ಲ.

"ಅಮ್ಮಾ, ಪಾಪಾ ಕಾ ಹಾಥ್ ಫಂಸ್ ಗಯಾ!" ಅಪ್ಪನ ಕೈ ಸಿಕ್ಕಿಹಾಕಿಕೊಂಡಿತೆಂದು ಮಗಳು ಕಿರುಚಿದಳು.

ಮಸಾಲೆ ಅರೆಯುವ ಗುಂಡುಕಲ್ಲು ತಂದು ಬಕೆಟ್ ಒಡೆದೆ, ಪ್ಲಾಸ್ಟರ್ ಒಡೆದೆ. ಪ್ರತಿ ಏಟಿಗೂ ಅವರ ಮೂಳೆಯೇ ಒಡೆದಂತೆ ಕೇಳಿಸಿತು. ಈಗಲೂ ಯಾರಾದರೂ ತೆಂಗಿನಕಾಯಿ ಒಡೆದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ.

ಕೈಗೆ ಒದ್ದೆ ಬಟ್ಟೆ ಸುತ್ತಿ ಆಟೊದಲ್ಲಿ ಆಸ್ಪತ್ರೆಗೆ ಹೋಗುವಾಗ, "ಸಮೀಕರಣದಲ್ಲಿ ಬಿಸಿ ಇರಲಿಲ್ವಲ್ಲೇ" ಎಂದರು.

"ಬಾಯ್ಮುಚ್ಕೊಂಡು ಕೂತ್ಕೊಳ್ರೀ" ಎಂದೆ, ಅಳುತ್ತ.

ಎರಡು ಬೆರಳು ಉಳಿಯುತ್ತವೋ ಇಲ್ಲವೋ ಎಂದು ಕೇಳಿದರೆ ಡಾಕ್ಟರು, "ದೇಖ್‌ತೇ ಹೈಂ" ಎಂದಷ್ಟೇ ಹೇಳಿದರು. ನೋಡೋಣ ಎಂಬ ಆ ಮಾತು ವಾರಗಟ್ಟಲೆ ನಮ್ಮಿಬ್ಬರ ನಡುವೆ ಮಲಗಿತ್ತು. ರಾತ್ರಿಯೆಲ್ಲ ನಾನು ಎದ್ದೆದ್ದು ಪಟ್ಟಿಯ ತುದಿಯಲ್ಲಿ ಕಾಣುವ ಉಗುರುಗಳ ಬಣ್ಣ ನೋಡುತ್ತಿದ್ದೆ. ಅವರೂ ಎಚ್ಚರವಾಗೇ ಇರುತ್ತಿದ್ದರು.

ಪಟ್ಟಿ ಬಿಚ್ಚಿದ ದಿನ, ಮನೆಗೆ ಬಂದವರೇ ಮೋಢಾದ ಮುಂದೆ ಕೂತರು. ತೋರುಬೆರಳನ್ನು ಒಂದು ಕಡ್ಡಿಯ ಮೇಲೆ ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರು. ಆಮೇಲೆ ಪಕ್ಕದ ಬೆರಳನ್ನು.

"ನೇರ ಇದೆ. ತಿಳೀತಿದೆ ಕಣೇ."

ಮಾರನೆಯ ಬೆಳಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು ಹೋಗಿದ್ದನಂತೆ. ಮೂವರಲ್ಲಿ ಯಾರಿಗೂ ಕೇಳಿಸಿರಲಿಲ್ಲ.