ಆವಿಗೆಯ ಬಾಯಲ್ಲಿ ರೆಮೇಯ್ ಅವರ ಬಟ್ಟಲು

ಬೆಳಗಿನ ಆರು ಗಂಟೆ. ಸ್ಪೇನಿನ ಮನಿಸೆಸ್‌ನ ಕುಂಬಾರರ ಓಣಿಯಲ್ಲಿ ಅರವತ್ಮೂರರ ಹೆಂಗಸು ರೆಮೇಯ್ ಕಾರ್ದೋನಾ ಆವಿಗೆಯ ಬಾಯಿಗೆ ಹಸಿ ರೋಸ್ಮರಿ ಸೊಪ್ಪಿನ ಕಂತೆ ತುರುಕುತ್ತಿದ್ದಾರೆ. ಬೆಂಕಿಗೆ ಉಸಿರುಕಟ್ಟಿ ಹೊಗೆ ಏಳಬೇಕು. ಆಗಲೇ ತಟ್ಟೆಗಳ ಮೇಲೆ ಬರೆದ ತಾಮ್ರ, ಬೆಳ್ಳಿಯ ಬಣ್ಣಕ್ಕೆ ಚಿನ್ನದ ಹೊಳಪು. ಒಂದು ಕಂತೆ ಕಡಿಮೆಯಾದರೆ ಪೇಲವ, ಒಂದು ಹೆಚ್ಚಾದರೆ ಸೀದ ಬೆಲ್ಲದ ಬಣ್ಣ.

ಮೂವತ್ತೆಂಟು ವರ್ಷಗಳಿಂದ ಇದೇ ಕೆಲಸ. ಒಂದು ಆವಿಗೆಗೆ ನೂರನಲವತ್ತು ಪಾತ್ರೆ. ಹತ್ತಕ್ಕೆ ಆರು ಉಳಿದರೆ ಹಬ್ಬ. ತಟ್ಟೆಯ ಬೆನ್ನಿಗೆ ಚಿತ್ರ ಬರೆದವರ ಗುರುತಿರುತ್ತದೆ, ಬೇಯಿಸಿದವರದು ಇರುವುದಿಲ್ಲ. ಬೇಯಿಸುವವರಿಗೆ ಸಿಗುವ ಮರ್ಯಾದೆ ಒಂದೇ: ಅವರ ಸ್ವಂತ ಬಟ್ಟಲನ್ನು ಆವಿಗೆಯ ಬಾಯಲ್ಲೇ, ಉರಿಗೆ ಎದುರಾಗಿ ಇಡುತ್ತಾರೆ. ಅಲ್ಲಿಟ್ಟದ್ದು ಸೀಯದೆ ಬರುವುದಿಲ್ಲ; ಆದರೆ ಆ ಆವಿಗೆ ಯಾರ ಕೈಯದು ಎಂಬುದಕ್ಕೆ ಅದೇ ಗುರುತು. "ನಮ್ಮನೇಲಿ ಮೂವತ್ತೆಂಟು ವರ್ಷದಿಂದ ಕಂದು ಬಟ್ಟಲಲ್ಲೇ ಸೂಪು" ಎಂದು ರೆಮೇಯ್ ನಗುತ್ತಾರೆ.

ಇವತ್ತು ಆ ನಗು ಬೇಗ ಆರುತ್ತದೆ. ಹೋದ ತಿಂಗಳು ಅವರು ಒಂದು ಕಂತೆ ಹೆಚ್ಚು ಹಾಕಿ ಇಡೀ ಆವಿಗೆ ಕೆಟ್ಟಿತ್ತು. ಇದೂ ಕೆಟ್ಟರೆ ಇವರ ಬದಲು ಹೊಗೆ ಅಳೆಯುವ ಯಂತ್ರ ತರುವುದಾಗಿ ಯಜಮಾನ ಬ್ಲಾಯ್ ಹೇಳಿದ್ದಾನೆ. ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದವರೇ ಇವರು; ಅವನ ಬಾಯಲ್ಲಿ ಇಂದಿಗೂ ಅತ್ತೆ. ಮಾತು ಚುಚ್ಚಿದೆ.

ಬಣ್ಣ ಬಂದಿದೆಯೇ ನೋಡಲು ಒಳಗಿಟ್ಟ ಪರೀಕ್ಷೆಯ ಚೂರೊಂದನ್ನು ಕೊಕ್ಕೆ ಹಾಕಿ ಎಳೆದು, ಏಪ್ರನ್‌ಗೆ ಉಜ್ಜುತ್ತಾರೆ. ತಿಳಿ ಹಳದಿ.

"ಸಾಕು ಅತ್ತೆ, ಮುಚ್ಚಿಬಿಡು" ಎನ್ನುತ್ತಾನೆ ಬ್ಲಾಯ್.

"ಇನ್ನೊಂದು ಕಂತೆ ಬೇಕು."

"ಹೋದ್ಸಲಾನೂ ಹಿಂಗೇ ಅಂದಿದ್ದೆ!"

"ಹೋದ್ಸಲ ತಪ್ಪಿದ್ದೆ ಕಣೋ. ಹಂಗಂತ ಇವತ್ತು ಹೆದರಿಕೊಂಡು ಹಸೀದೇ ತೆಗೀಲಾ?"

ಕಂತೆ ಒಳಗೆ ಹೋಗುತ್ತದೆ. ರೆಮೇಯ್ ಎರಡನೆಯ ಚೂರನ್ನು ಎಳೆದು ನೋಡಿ, ಆವಿಗೆಯ ಬಾಯಿಗೆ ಮಣ್ಣು ಮೆತ್ತುತ್ತಾರೆ.

ಮರುದಿನ ಮಧ್ಯಾಹ್ನ ಆವಿಗೆ ಬಿಚ್ಚಿದಾಗ ಎಲ್ಲವೂ ಮಸಿ. ಒದ್ದೆ ಬಟ್ಟೆಯಲ್ಲಿ ಮೊದಲ ತಟ್ಟೆ ಉಜ್ಜುತ್ತಾರೆ. ಮಸಿಯ ಕೆಳಗಿನಿಂದ ಚಿನ್ನದ ಎಲೆಬಳ್ಳಿ ಮೇಲೇಳುತ್ತದೆ. ಎರಡನೆಯದೂ ಹಾಗೆಯೇ. ಸಂಜೆಯ ಹೊತ್ತಿಗೆ ನೂರಹನ್ನೊಂದು ಪಾತ್ರೆ ಹೊಳೆಯುತ್ತಿವೆ. ಇಷ್ಟು ಯಾವತ್ತೂ ಉಳಿದದ್ದಿಲ್ಲ. ಬ್ಲಾಯ್‌ಗೆ ಮುಖ ಎತ್ತಲು ನಾಚಿಕೆ. ಆವಿಗೆಯ ನಟ್ಟನಡುವೆ ಬೆಂದ ತಟ್ಟೆಯನ್ನು ತಂದು ಅತ್ತೆಯ ಕೈಗಿಡುತ್ತಾನೆ.

"ಇದು ನಿಂಗೆ ಅತ್ತೆ. ಈ ಸಲನಾದ್ರೂ ಚಿನ್ನದ್ದು ತಗೊಂಡ್ಹೋಗು."

ರೆಮೇಯ್ ಅದನ್ನು ಬೆಳಕಿಗೆ ಹಿಡಿದು, ಕಣ್ತುಂಬ ನೋಡಿ ಹಿಂದಿರುಗಿಸುತ್ತಾರೆ. ಸೀದು ಕಂದಾದ ತಮ್ಮ ಬಟ್ಟಲನ್ನು ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಅದನ್ನ ಮಾರ್ಕೋ. ನಂಗೇನಾದ್ರೂ ಕೊಡ್ಲೇಬೇಕು ಅಂದ್ರೆ, ಮುಂದಿನ ಸಲಾನೂ ಆವಿಗೆ ಬಾಯಲ್ಲಿ ನನ್ನ ಬಟ್ಟಲೇ ಇಡು."