ಒಂದು ಗೇಣು ಕಡಿಮೆ

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗಾಳಿಪಟ ಅಂತಲೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಟೀವಿ ಧಾರಾವಾಹಿಗಳ ಯಕ್ಷಿಣಿಯರಿಗೆ, ಮಾಯಾವಿನಿಯರಿಗೆ ಡೂಪ್ ಆಗಿ ಹಾರಿದವಳು. ಮುಖ ನಾಯಕಿಯದು, ಬೆನ್ನು ಇವಳದು. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ತಂತಿ, ಆ ತಂತಿ ಛಾವಣಿಯ ರಾಟೆ ದಾಟಿ ಹಗ್ಗವಾಗಿ ಗಂಡನ ಕೈಗೆ. ಹಗ್ಗಕ್ಕೆ ಮೂವರು ನಿಂತರೂ ಎಲ್ಲರಿಗಿಂತ ಮುಂದೆ ನಿಲ್ಲುವವರು ಮನೆಯವರೇ ಆಗಬೇಕು ಅನ್ನುವುದು ಮಾವನ ಕಾಲದ ಕಟ್ಟಳೆ. ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದು ಮುಂದಿನವರು. ಹಿಂದಿನವರದು ಬರೀ ತೋಳು.

ಆ ಗಂಡ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಕಿರುಗುಟ್ಟುತ್ತಿದ್ದ ರಾಟೆಗೆ ಎಣ್ಣೆ ಬಿಡಲು ಮೇಲೆ ಹತ್ತಿದವನು ಬಿದ್ದು ಸತ್ತ. ಹೆಂಡತಿಯ ಬಕಲನ್ನು ಪ್ರತಿ ಸಲವೂ ಮೂರು ಬಾರಿ ಎಳೆದು ನೋಡುತ್ತಿದ್ದವನು, ಐದು ನಿಮಿಷದ ಕೆಲಸ ಅಂತ ತಾನು ಬೆಲ್ಟು ಕಟ್ಟಿಕೊಂಡಿರಲಿಲ್ಲ.

ಅವಳು ಮತ್ತೆ ಹಾರಲಿಲ್ಲ. ಅದೇ ಸ್ಟುಡಿಯೋದಲ್ಲಿ ವೇಷದ ಬಟ್ಟೆ ಹೊಲಿಯುತ್ತ ಮಗಳಿಗೂ ಹೊಲಿಗೆ ಕಲಿಸಿದಳು. ಇಪ್ಪತ್ತು ತುಂಬಿದ ಮಗಳು ಒಂದು ದಿನ ತಾಯಿಯ ಹಳೇ ಬೆಲ್ಟನ್ನು ಬಿಚ್ಚಿ ತನ್ನ ಸೊಂಟದ ಅಳತೆಗೆ ಹೊಲಿಯುತ್ತ ಕೂತಿದ್ದಳು.

"ಇದೇನೇ ಇದು?"

"ನೀನೇ ಕಲಿಸಿದ ಹೊಲಿಗೆ."

"ಹಲ್ಲು ಉದುರಿಸ್ತೀನಿ."

"ಉದುರಿಸು. ಹಾರೋಕೆ ಹಲ್ಲು ಬೇಕಾಗಲ್ಲ."

ಒಂದು ವಾರ ಇಬ್ಬರಿಗೂ ಮಾತಿಲ್ಲ. ಸೋತವಳು ತಾಯಿಯೇ. "ಹಗ್ಗದ ಮುಂದೆ ನಾನು ನಿಲ್ತೀನಿ. ಹಾಗಾದ್ರೆ ಹಾರು," ಅಂದಳು.

ಆಗ ಶೂಟಿಂಗ್ ನಡೆಯುತ್ತಿದ್ದುದು ರಾಕ್ಷಸರನ್ನು ಕೊಲ್ಲುವ ವಂಶದ ಕಥೆ. ಸಾಯುವ ತಾಯಿ ಮಗಳ ಕೈಗೆ ಕತ್ತಿ ಕೊಟ್ಟು, ಇನ್ನು ನಿನ್ನ ಸರದಿ ಅನ್ನುತ್ತಾಳೆ. ಮಗಳು ಕೋಟೆ ಗೋಡೆಯ ಮೇಲೆ ಹಾರಿ ಹೋಗುತ್ತಾಳೆ. ಕತ್ತಿ ಕೊಡುವಾಗ ಲೈಟಿನವರೂ ಮೂಗು ಒರೆಸಿಕೊಂಡರು. ಆಮೇಲೆ ಡೂಪ್‌ನ ಕೆಲಸ.

"ಅಕ್ಕ, ಹಗ್ಗದ ಮೇಲಿನ ಕೆಂಪು ಬಟ್ಟೆ ನಿನ್ನ ಎದೆಮಟ್ಟಕ್ಕೆ ಇಳೀಬೇಕು. ಆಗ ಅವಳ ಕಾಲು ಗೋಡೆಗೆ ತಾಗಲ್ಲ," ಅಂದ ಫೈಟ್ ಮಾಸ್ಟರ್.

"ನನಗೇ ಪಾಠ ಹೇಳ್ತೀಯೇನೋ ತಮ್ಮ? ನಿನಗೆ ಮೀಸೆ ಬರೋ ಮುಂಚೆ ಹಾರ್ತಿದ್ದೋಳು ನಾನು."

ಮಗಳು ಮೇಲೇರಿದಳು. ಕೆಂಪು ಬಟ್ಟೆ ತಾಯಿಯ ಹಣೆಗೆ ಬಂತು, ಗಲ್ಲಕ್ಕೆ ಬಂತು. ಮೇಲೆ ರಾಟೆ ಕಿರ್ರೆಂದಿತು. ತಾಯಿಯ ಕೈ ತಾನಾಗಿಯೇ ನಿಂತಿತು. ಕೆಳಗಿದ್ದಷ್ಟೂ ಬಿದ್ದರೆ ಪೆಟ್ಟು ಕಡಿಮೆ ಅಂತ ಯಾವ ಮೂಲೆಯಿಂದಲೋ ಮನಸ್ಸು ಹೇಳಿತು.

"ಅಕ್ಕ, ಇನ್ನೊಂದು ಗೇಣು," ಅಂದರು ಹಿಂದಿನವರು.

"ಸಾಕು."

ಅಷ್ಟರಲ್ಲಿ ಮಗಳನ್ನು ಮುಂದಕ್ಕೆ ಸೆಳೆಯುವ, ಬೇರೆಯವರ ಕೈಯಲ್ಲಿದ್ದ ಇನ್ನೊಂದು ಹಗ್ಗ ಹೊರಟೇಬಿಟ್ಟಿತ್ತು. ಗೋಡೆ ಹೊರಗೆ ಪ್ಲಾಸ್ಟರು, ಒಳಗೆ ಕಬ್ಬಿಣ. ಮಗಳ ಮೊಣಕಾಲು ಅದಕ್ಕೇ ಹೋಗಿ ಬಡಿಯಿತು.

ಹಗ್ಗ ಸಿಕ್ಕಿಕೊಂಡಿತು ಅಂತ ತಾಯಿ ಎಲ್ಲರಿಗೂ ಹೇಳಿದಳು. ಹಗ್ಗದ ಹಿಂದಿನ ಇಬ್ಬರನ್ನು ಬಿಟ್ಟು ಎಲ್ಲರೂ ನಂಬಿದರು. ಆಸ್ಪತ್ರೆಯ ನಾಲ್ಕನೇ ದಿನ, ತಾಯಿ ಗಂಜಿ ಆರಿಸುತ್ತಿದ್ದಾಗ ಮಗಳು ಗೋಡೆ ನೋಡುತ್ತಲೇ ಕೇಳಿದಳು:

"ಹಗ್ಗ ಸಿಕ್ಕಿಕೊಂಡ್ರೆ ಸೊಂಟಕ್ಕೆ ಜಗ್ಗುತ್ತೆ ಅಲ್ವಾ ಅಮ್ಮ?"

"ಹೂಂ."

"ಅವತ್ತು ಜಗ್ಗಲಿಲ್ಲ. ಮೆತ್ತಗೆ ನಿಂತುಕೊಳ್ತು."

ತಾಯಿ ಚಮಚವನ್ನು ಬಟ್ಟಲಿಗೆ ಇಟ್ಟಳು.

"ಭಯ ಆಯ್ತು ಕಣೇ."

"ನನಗೂ ಆಗಿತ್ತು. ಆದ್ರೆ ನಾನು ನೀನು ಪೂರ್ತಿ ಎಳೀತೀಯ ಅನ್ನೋ ಲೆಕ್ಕದ ಮೇಲೆ ಕಾಲು ಚಾಚಿದ್ದೆ." ಮಗಳು ತಾಯಿಯ ಕಡೆ ತಿರುಗಿ ಹೇಳಿದಳು, "ಕಾಲು ನೆಟ್ಟಗಾದ್ಮೇಲೆ ಮತ್ತೆ ಹೋಗ್ತೀನಿ. ಹಗ್ಗಕ್ಕೆ ನೀನು ಬರಬೇಡಮ್ಮ."

ಗಾಳಿಪಟ ಜಗಳಕ್ಕೆ ನಿಲ್ಲಲಿಲ್ಲ. ಗಂಜಿ ತಿನ್ನಿಸಿದಳು, ಬಾಯಿ ಒರೆಸಿದಳು.

ಏಳು ತಿಂಗಳ ಮೇಲೆ ಮಗಳು ತುಸು ಕುಂಟುತ್ತಲೇ ಮತ್ತೆ ಬೆಲ್ಟು ಕಟ್ಟಿದಳು. ಹಗ್ಗದ ಮುಂದೆ ಮಾಸ್ಟರೇ ನಿಂತ. ತಾಯಿ ಅವನ ಹತ್ತಿರ ಹೋದಳು. ಹಗ್ಗ ಮುಟ್ಟಲಿಲ್ಲ.

"ಏರೋವಾಗ ಎಡಕ್ಕೆ ವಾಲ್ತಾಳೆ, ಗಾಬರಿ ಆಗಬೇಡ. ಕಣ್ಣು ಮುಚ್ಕೊಳ್ತಾಳೆ, ಅದನ್ನ ನೋಡಬೇಡ. ಪೂರ್ತಿ ಎಳಿ, ತಮ್ಮ."

"ನೀನು ಇಲ್ಲೇ ಇರು ಅಕ್ಕ."

"ಬೇಡ," ಅಂದು ಅವಳು ಹೊರಗೆ ಬಿಸಿಲಿಗೆ ಬಂದಳು. ಹಿಂದೆ ಬಾಗಿಲು ಹಾಕಿಕೊಂಡಿತು. ಒಳಗೆ ಯಾರೋ ಸೈಲೆನ್ಸ್ ಅಂತ ಕೂಗಿದರು.